25 ಗ್ರಾಂ ಪ್ರೋಟೀನ್‌ಗೆ ಯಾವುದನ್ನು ಎಷ್ಟು ತಿನ್ನಬೇಕು? ಜಿಮ್‌ಗೆ ಹೋಗುವ ಬೆಂಗಳೂರಿಗರಿಗೆ ಒಂದು ಹೋಲಿಕೆ

ಒಣ ಸೋಯಾ ಚಂಕ್ಸ್‌ನಲ್ಲಿ (ಮೀಲ್ ಮೇಕರ್) 100 ಗ್ರಾಂಗೆ 52 ಗ್ರಾಂ ಪ್ರೋಟೀನ್ ಇದೆ, ಬೇಯಿಸಿದ ಚಿಕನ್ ಬ್ರೆಸ್ಟ್‌ನಲ್ಲಿ 31. ಹಾಗಾದರೆ ಸೋಯಾನೇ ಮೇಲಲ್ಲವೇ ಎಂದು ಕೇಳುವವರು ಬಹಳ. ಆದರೆ ಒಣ ಸೋಯಾವನ್ನು ಯಾರೂ ಹಾಗೇ ಅಗಿಯುವುದಿಲ್ಲ. ನೀರು ಕುಡಿದು ಹಿಂಡಿಸಿಕೊಂಡ ಮೇಲೆ ಅದರ ತೂಕ ಸುಮಾರು ಮೂರು ಪಟ್ಟಾಗಿ, ತಟ್ಟೆಗೆ ಬರುವಾಗ 100 ಗ್ರಾಂಗೆ 17-18 ಗ್ರಾಂ ಉಳಿಯುತ್ತದೆ. ಚಿಕನ್ನಿನದು ಉಲ್ಟಾ. ಹಸಿಯಲ್ಲಿ 22-23 ಗ್ರಾಂ ಇದ್ದದ್ದು ಬೆಂದು ನೀರು ಬಿಟ್ಟು ಕುಗ್ಗಿದಾಗ 31 ಆಗುತ್ತದೆ. ಹಸಿ ತೂಕ, ಒಣ ತೂಕ, ಬೆಂದ ತೂಕ ಮೂರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕವೆಲ್ಲ ಕೆಡುತ್ತದೆ.

ಆದ್ದರಿಂದ ಇಲ್ಲಿ ಒಂದೇ ಅಳತೆ ಇಟ್ಟುಕೊಂಡಿದ್ದೇವೆ: 25 ಗ್ರಾಂ ಪ್ರೋಟೀನ್ ಸಿಗಬೇಕಾದರೆ ಯಾವುದನ್ನು ಎಷ್ಟು ತಿನ್ನಬೇಕು, ಅದರ ಜೊತೆಗೆ ಎಷ್ಟು ಕ್ಯಾಲರಿ ಹೊಟ್ಟೆಗೆ ಹೋಗುತ್ತದೆ, ಮಾಡುವಾಗ ಕೈ ತಪ್ಪುವುದು ಎಲ್ಲಿ.

25 ಏಕೆಂದರೆ, ಸಾಮಾನ್ಯ ಜನರಿಗೆ ದೇಶದ ಪೋಷಣಾ ಸಂಶೋಧನಾ ಸಂಸ್ಥೆ ಐಸಿಎಂಆರ್-ಎನ್ಐಎನ್ ಹೇಳುವುದು ದೇಹದ ತೂಕದ ಪ್ರತಿ ಕೆಜಿಗೆ 0.83 ಗ್ರಾಂ. ವಾರಕ್ಕೆ ನಾಲ್ಕೈದು ದಿನ ಭಾರ ಎತ್ತಿ ಮೈಕಟ್ಟು ಬೆಳೆಸುವವರಿಗೆ 1.6ರಿಂದ 2.2 ಗ್ರಾಂ ಬೇಕಾಗುತ್ತದೆ. 70 ಕೆಜಿ ತೂಗುವವರಿಗೆ ಇದು ದಿನಕ್ಕೆ 112ರಿಂದ 154 ಗ್ರಾಂ. ಅಂದರೆ 25-30 ಗ್ರಾಂನ ನಾಲ್ಕು ಹೊತ್ತು, ಮೇಲೊಂದಿಷ್ಟು ಕುರುಕಲು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಈ ಲೆಕ್ಕಕ್ಕೆ ಕೈ ಹಾಕಬಾರದು.

25 ಗ್ರಾಂ ಎಂದರೆ ತಟ್ಟೆಯಲ್ಲಿ ಎಷ್ಟು?

ಎಣ್ಣೆ, ಮಸಾಲೆ ಬಿಟ್ಟು ಸುಮಾರು ಲೆಕ್ಕ:

ವೇ ಪುಡಿ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ), ಒಂದು ಸ್ಕೂಪ್ (30-33 ಗ್ರಾಂ): 120-130 ಕ್ಯಾಲರಿ
ಮೊಟ್ಟೆಯ ಬಿಳಿ, 7: 120 ಕ್ಯಾಲರಿ
ಚಿಕನ್ ಬ್ರೆಸ್ಟ್, ಹಸಿ 110 ಗ್ರಾಂ (ಬೆಂದ ಮೇಲೆ 80): 130 ಕ್ಯಾಲರಿ
ಸೋಯಾ, ಒಣ 50 ಗ್ರಾಂ: 170 ಕ್ಯಾಲರಿ
ಇಡೀ ಮೊಟ್ಟೆ, 4: 290 ಕ್ಯಾಲರಿ
ಹೆಸರುಕಾಳು ಅಥವಾ ತೊಗರಿಬೇಳೆ, ಒಣ 105-115 ಗ್ರಾಂ: 350-390 ಕ್ಯಾಲರಿ
ಪನೀರ್, 130-140 ಗ್ರಾಂ: 400ರ ಆಸುಪಾಸು
ಹುರಿಗಡಲೆ, 120 ಗ್ರಾಂ: 440 ಕ್ಯಾಲರಿ
ಟೋನ್ಡ್ ಹಾಲು, 780 ಮಿಲಿ: 450 ಕ್ಯಾಲರಿ
ಕಡಲೆಕಾಯಿ ಬೀಜ, 100 ಗ್ರಾಂ: 570 ಕ್ಯಾಲರಿ

ಕೊಬ್ಬು ಇಳಿಸುವ ಕಟಿಂಗ್ ದಿನಗಳಲ್ಲಿ ಮೇಲಿನ ನಾಲ್ಕರಲ್ಲೇ ಇರಿ. ತೂಕ ಏರಿಸುವವರಿಗೆ ಕೆಳಗಿನವು ಶತ್ರುಗಳಲ್ಲ. ಎಷ್ಟು ತಿಂದರೂ ತೂಕ ಏರದ ಹುಡುಗರಿಗೆ ಹಾಲು, ಕಡಲೆಬೀಜಗಳೇ ಕೈಹಿಡಿಯುವುದು. ಕಡಲೆಬೀಜವನ್ನು "ಪ್ರೋಟೀನ್" ಎಂದು ಕರೆದು ಕಟಿಂಗ್‌ನಲ್ಲಿ ಮುಷ್ಟಿಗಟ್ಟಲೆ ಮುಕ್ಕುವುದೊಂದೇ ತಪ್ಪು. ಅದರ ಅರ್ಧ ತೂಕ ಎಣ್ಣೆ. ಪೀನಟ್ ಬಟರ್ ಕೂಡ ಅಷ್ಟೇ: ಎರಡು ದೊಡ್ಡ ಚಮಚಕ್ಕೆ 8 ಗ್ರಾಂ ಪ್ರೋಟೀನ್, 190 ಕ್ಯಾಲರಿ.

ದುಡ್ಡಿನ ಲೆಕ್ಕವನ್ನೂ ಇದೇ ಅಳತೆಯಲ್ಲಿ ಮಾಡಿ. ದರ ದಿನದಿನಕ್ಕೆ ಏರಿಳಿಯುವುದರಿಂದ ಅಂಕಿಗಿಂತ ವಿಧಾನ ಮುಖ್ಯ. ಮೊಟ್ಟೆ 7 ರೂಪಾಯಿ ಇದ್ದರೆ 25 ಗ್ರಾಂಗೆ 28 ರೂಪಾಯಿ. ಸೋಯಾ ಕೆಜಿಗೆ 150 ಇದ್ದರೆ ಏಳೂವರೆ ರೂಪಾಯಿ. ಬೋನ್‌ಲೆಸ್ ಬ್ರೆಸ್ಟ್ ಕೆಜಿಗೆ 400 ಆದರೆ 44. ವೇ ಪುಡಿ ಕೆಜಿಗೆ 2,400 ಆದರೆ ಒಂದು ಸ್ಕೂಪಿಗೆ 77. ಕರಿ ಕಟ್ ಚಿಕನ್ ಅಗ್ಗ ಎನಿಸಿದರೂ ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಮೂಳೆಯ ತೂಕ. ಅದನ್ನು ಕಳೆದು ಲೆಕ್ಕ ಹಾಕಿ.

ಸೋಯಾ: ಅಗ್ಗ, ಆದರೆ ಹಿಂಡಲು ಬರಬೇಕು

ಅಂಗಡಿಯಲ್ಲಿ ಮೀಲ್ ಮೇಕರ್ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡಿದ್ದಾದ್ದರಿಂದ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಅದರ ಅಮೈನೋ ಆಮ್ಲಗಳೂ (ಪ್ರೋಟೀನ್ ಕಟ್ಟುವ ಘಟಕಗಳು) ಬೇಳೆಕಾಳುಗಳಲ್ಲೇ ಉತ್ತಮ ದರ್ಜೆಯವು. ಒಂದು ಸಲ ತಿಂದು "ವಾಸನೆ" ಎಂದು ಬಿಟ್ಟವರ ತಟ್ಟೆಯಲ್ಲಿ ಆಗಿರುವುದು ಹಿಂಡುವಿಕೆಯ ತಪ್ಪು.

50 ಗ್ರಾಂ ಸೋಯಾಗೆ ಅರ್ಧ ಲೀಟರ್ ನೀರು ಕುದಿಸಿ, ಅರ್ಧ ಚಮಚ ಉಪ್ಪು ಹಾಕಿ, ಸೋಯಾ ಸುರಿದು 5 ನಿಮಿಷ ಕುದಿಸಿ. ಜರಡಿಗೆ ಬಸಿದು ತಣ್ಣೀರು ಹಾಕಿ. ಈಗ ಒಂದೊಂದು ಹಿಡಿ ತೆಗೆದುಕೊಂಡು, ಬಟ್ಟೆ ಹಿಂಡಿದ ಹಾಗೆ ಅಂಗೈಯಲ್ಲಿ ಒತ್ತಿ. ಮೊದಲು ಬರುವುದು ನೊರೆ ಇರುವ ಹಳದಿ ನೀರು. ಹಸಿ ವಾಸನೆ ಇರುವುದು ಅದರಲ್ಲೇ. ಮತ್ತೆ ತಣ್ಣೀರಲ್ಲಿ ಅದ್ದಿ, ಮತ್ತೆ ಹಿಂಡಿ. ಮೂರನೇ ಸಲಕ್ಕೆ ನೀರು ತಿಳಿಯಾಗುತ್ತದೆ. ಆಗ ನಿಲ್ಲಿಸಿ. ಹೀಗೆ ಹಿಂಡಿದ ಸೋಯಾ ಬತ್ತಿದ ಸ್ಪಂಜಿನ ಹಾಗೆ ಮಸಾಲೆಯನ್ನು ಒಳಗೆಳೆದುಕೊಳ್ಳುತ್ತದೆ. ನೀರು ಉಳಿದಿದ್ದರೆ ಮಸಾಲೆ ಹೊರಗೇ ನಿಲ್ಲುತ್ತದೆ, ಸಪ್ಪೆ ಎನಿಸುತ್ತದೆ.

ಆಮೇಲೆ ಎರಡು ಚಮಚ ಮೊಸರು, ಶುಂಠಿ-ಬೆಳ್ಳುಳ್ಳಿ, ಮೆಣಸಿನ ಪುಡಿ, ಧನಿಯ, ಉಪ್ಪು ಹಚ್ಚಿ 15 ನಿಮಿಷ ಬಿಡಿ. ಬಾಣಲೆಗೆ ಒಂದು ಚಮಚ ಎಣ್ಣೆ, ಕರಿಬೇವು, ಈರುಳ್ಳಿ. ಬಾಡಿದ ಮೇಲೆ ಸೋಯಾ ಹಾಕಿ ದೊಡ್ಡ ಉರಿಯಲ್ಲಿ 6-7 ನಿಮಿಷ ಹುರಿಯಿರಿ. ಕುಕ್ಕರ್‌ಗೆ ಹಾಕಬೇಡಿ, ಮೆತ್ತಗೆ ಬೂದಿಯ ಹಾಗಾಗುತ್ತದೆ.

ಸೋಯಾ ತಿಂದರೆ ಗಂಡಸರ ಹಾರ್ಮೋನು ಏರುಪೇರಾಗುತ್ತದೆ ಎಂಬ ಮಾತು ಜಿಮ್‌ಗಳಲ್ಲಿ ಓಡಾಡುತ್ತದೆ. ದಿನಕ್ಕೆ 50 ಗ್ರಾಂನಷ್ಟು ತಿನ್ನುವವರು ಅದಕ್ಕೆ ಹೆದರಬೇಕಿಲ್ಲ; ಮಿತವಾಗಿ ತಿಂದ ಗಂಡಸರ ಟೆಸ್ಟೋಸ್ಟಿರಾನ್ ಮಟ್ಟ ಬದಲಾಗುವುದಿಲ್ಲ ಎಂಬುದನ್ನೇ ಅಧ್ಯಯನಗಳು ತೋರಿಸಿವೆ. ನಿಜವಾಗಿ ಗಮನಿಸಬೇಕಾದವರು ಥೈರಾಯ್ಡ್ ಮಾತ್ರೆ ನುಂಗುವವರು. ಮಾತ್ರೆ ರಕ್ತಕ್ಕೆ ಸೇರುವುದಕ್ಕೆ ಸೋಯಾ ಅಡ್ಡ ಬರುವುದರಿಂದ ಎರಡರ ನಡುವೆ ಕೆಲವು ಗಂಟೆ ಬಿಡಬೇಕು.

ಮೊಟ್ಟೆಯೋ ಚಿಕನ್ನೋ

ಬೆಳಗ್ಗೆ ಆರಕ್ಕೆ ಎದ್ದು ಏಳಕ್ಕೆ ಬಸ್ಸು ಹಿಡಿಯುವವರಿಗೆ ಮೊಟ್ಟೆ. ಭಾನುವಾರ ಒಂದು ಗಂಟೆ ಅಡುಗೆಮನೆಯಲ್ಲಿ ನಿಲ್ಲಬಲ್ಲವರಿಗೆ, ಫ್ರಿಜ್ ಇರುವವರಿಗೆ ಚಿಕನ್.

ಮೊಟ್ಟೆಯಲ್ಲಿ ಬರೀ ಬಿಳಿಯೋ, ಹಳದಿಯೂ ಬೇಕೋ ಎಂಬ ಜಗಳಕ್ಕೆ ನಮ್ಮ ಉತ್ತರ: 2 ಇಡೀ ಮೊಟ್ಟೆ, 4 ಬಿಳಿ. 27 ಗ್ರಾಂ ಪ್ರೋಟೀನ್, ಸುಮಾರು 210 ಕ್ಯಾಲರಿ. ಒಂದು ಹಳದಿಯಲ್ಲೂ 2.7 ಗ್ರಾಂ ಪ್ರೋಟೀನ್ ಇದೆ, ವಿಟಮಿನ್‌ಗಳೆಲ್ಲ ಹೆಚ್ಚು ಇರುವುದೂ ಅಲ್ಲೇ. ಏಳು ಹಳದಿಯನ್ನು ಸಿಂಕಿಗೆ ಸುರಿಯುವುದು ಅನ್ಯಾಯ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕರಾವಳಿಯ ಅಡುಗೆಯವರು ಹೇಳುವ ಹತ್ತು ನಿಮಿಷಕ್ಕೆ ಇನ್ನೊಂದು-ಎರಡು ಸೇರಿಸಿಕೊಳ್ಳಿ. ಕುದಿಯುವ ನೀರಿಗೆ ಮೊಟ್ಟೆ ಇಳಿಸಿ 11-12 ನಿಮಿಷ, ಕೂಡಲೇ ತಣ್ಣೀರಿಗೆ. ಹಳದಿಯ ಸುತ್ತ ಹಸಿರು-ಬೂದು ಉಂಗುರ ಕಂಡರೆ ಹೆಚ್ಚು ಬೆಂದಿದೆ ಎಂದರ್ಥ; ಬಿಳಿಯ ಗಂಧಕ, ಹಳದಿಯ ಕಬ್ಬಿಣ ಸೇರಿ ಆಗುವ ಬಣ್ಣ ಅದು. ತಿನ್ನಲು ತೊಂದರೆಯಿಲ್ಲ, ರುಚಿ ಮಾತ್ರ ಹೋಗಿರುತ್ತದೆ.

ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದು ಕುಡಿಯುವ ಪದ್ಧತಿಯನ್ನು ದಯವಿಟ್ಟು ಬಿಡಿ. ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಮೈಗೆ ಹತ್ತಿದರೆ, ಹಸಿಯದರಲ್ಲಿ ಐವತ್ತರ ಆಸುಪಾಸು. ಅರ್ಧ ಮೊಟ್ಟೆ ದಂಡ, ಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ.

ಇನ್ನು ಚಿಕನ್ ಬ್ರೆಸ್ಟ್. ಇದು ಒಣಗಿ ನಾರಾಗುವುದಕ್ಕೆ ಮುಖ್ಯ ಕಾರಣ ದಪ್ಪದ ವ್ಯತ್ಯಾಸ. ಒಂದು ತುದಿ ಮೂರು ಬೆರಳು ದಪ್ಪ, ಇನ್ನೊಂದು ತುದಿ ಅರ್ಧ ಬೆರಳು; ದಪ್ಪದ ಕಡೆ ಬೇಯುವ ಹೊತ್ತಿಗೆ ತೆಳ್ಳಗಿನದು ಕಡ್ಡಿಯಾಗಿರುತ್ತದೆ. ಹಲಗೆಯ ಮೇಲಿಟ್ಟು, ಒಂದು ಕೈಯಿಂದ ಮೇಲೆ ಒತ್ತಿ ಹಿಡಿದು, ಚಾಕುವನ್ನು ಅಡ್ಡಕ್ಕೆ ಹಾಯಿಸಿ ಎರಡು ಹಾಳೆ ಮಾಡಿ. ಪ್ರತಿ ಹಾಳೆ ಒಂದೂವರೆ ಸೆಂಟಿಮೀಟರ್ ದಪ್ಪ ಇರಲಿ. 300 ಗ್ರಾಂ ಮಾಂಸಕ್ಕೆ 3 ಗ್ರಾಂ ಉಪ್ಪು, ಅಂದರೆ ತಲೆ ತಟ್ಟಿದ ಅರ್ಧ ಚಮಚ, ಹಚ್ಚಿ ಅರ್ಧ ಗಂಟೆ ಬಿಡಿ. ಉಪ್ಪು ಒಳಗಿಳಿದರೆ ಬೇಯುವಾಗ ನೀರು ಕಡಿಮೆ ಬಿಡುತ್ತದೆ. ಮೊಸರು ಹಚ್ಚಿದರೆ ತೆಳುವಾಗಿ ಹಚ್ಚಿ. ದಪ್ಪವಾದರೆ ಕಾವಲಿಗೆ ಹಿಡಿದು ಕರಿಯಾಗುತ್ತದೆ, ಒಳಗೆ ಹಸಿಯೇ ಇರುತ್ತದೆ. ನಿಂಬೆರಸ ಹಾಕಿ ರಾತ್ರಿಯಿಡೀ ಇಡಬೇಡಿ, ಹುಳಿಗೆ ಮೇಲ್ಪದರ ಹಿಟ್ಟುಹಿಟ್ಟಾಗುತ್ತದೆ. ರಸ ಕೊನೆಗೆ ಹಿಂಡಿ.

ಕಾವಲಿ ಚೆನ್ನಾಗಿ ಕಾಯಲಿ. ಒಂದು ಚಮಚ ಎಣ್ಣೆ, ನಡು ಉರಿ, ಒಂದೊಂದು ಮಗ್ಗುಲಿಗೆ 4-5 ನಿಮಿಷ. ನಡುವೆ ಎತ್ತಿ ಎತ್ತಿ ನೋಡಬೇಡಿ. ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ. ಇಲ್ಲದಿದ್ದರೆ ಅತಿ ದಪ್ಪ ಜಾಗದಲ್ಲಿ ಸೀಳಿ ನೋಡಿ: ಮಾಂಸ ಪೂರ್ತಿ ಬೆಳ್ಳಗಾಗಿರಬೇಕು, ರಸ ತಿಳಿಯಾಗಿರಬೇಕು. ತಟ್ಟೆಗೆ ತೆಗೆದು 5 ನಿಮಿಷ ಬಿಟ್ಟು ಕತ್ತರಿಸಿ. ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಭಾನುವಾರ ಮಾಡಿದ್ದನ್ನು ಶುಕ್ರವಾರದವರೆಗೆ ಎಳೆಯುವುದಾದರೆ ಅರ್ಧವನ್ನು ಮೊದಲ ದಿನವೇ ಫ್ರೀಜರ್‌ಗೆ ಹಾಕಿ.

ಮೀನು ಇಷ್ಟವಿದ್ದರೆ ಬಂಗುಡೆ, ಬೂತಾಯಿ ಎರಡೂ 100 ಗ್ರಾಂಗೆ 18-20 ಗ್ರಾಂ ಪ್ರೋಟೀನ್ ಕೊಡುತ್ತವೆ, ಒಮೆಗಾ-3 ಜೊತೆಗೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಬೆಳಗ್ಗೆ ಬೇಗ ಹೋದವರಿಗೆ ಒಳ್ಳೆಯದು ಸಿಗುತ್ತದೆ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು.

ಬೇಳೆಕಾಳು: ನಮ್ಮ ಊಟದ ಶಕ್ತಿ, ನಮ್ಮ ಊಟದ ತಪ್ಪು

ಹೆಸರುಕಾಳು, ಅಲಸಂದೆ ಒಣದರಲ್ಲಿ 24 ಗ್ರಾಂ; ತೊಗರಿ, ಹುರುಳಿ 22; ಕಡಲೆಕಾಳು 19-20. ಕೇಳಲು ಚೆನ್ನಾಗಿದೆ. ಆದರೆ 25 ಗ್ರಾಂ ಪ್ರೋಟೀನಿನ ಹಿಂದೆ 60 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಬರುತ್ತದೆ. ದಿನದ 120 ಗ್ರಾಂ ಪೂರ್ತಿ ಕಾಳಿನಿಂದಲೇ ಎಂದರೆ ಅರ್ಧ ಕೆಜಿ ಒಣ ಕಾಳು ಬೇಯಿಸಬೇಕು, ಹೊಟ್ಟೆ ಒಪ್ಪುವುದಿಲ್ಲ. ಒಂದು ಹೊತ್ತಿಗೆ 50-60 ಗ್ರಾಂ ಒಣ ಕಾಳು, ಅಂದರೆ 12-14 ಗ್ರಾಂ ಪ್ರೋಟೀನ್, ಉಳಿದದ್ದು ಮೊಸರು, ಪನೀರ್, ತಿನ್ನುವವರಾದರೆ ಮೊಟ್ಟೆಯಿಂದ. ಸಸ್ಯಾಹಾರಿಗಳ ಲೆಕ್ಕ ಕೂಡುವುದು ಹೀಗೆ. ಅಮೈನೋ ಆಮ್ಲಗಳ ಪೈಕಿ ಕಾಳಿನಲ್ಲಿ ಮೆಥಿಯೋನಿನ್ ಕಡಿಮೆ, ಅಕ್ಕಿ-ರಾಗಿಯಲ್ಲಿ ಲೈಸಿನ್ ಕಡಿಮೆ. ಮುದ್ದೆ-ಕಾಳುಸಾರು ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿ.

ಇಲ್ಲೊಂದು ಮಾತು. ಬಸ್ಸಾರು ಮಾಡುವಾಗ ಕಾಳು-ಸೊಪ್ಪು ಬೇಯಿಸಿ ಕಟ್ಟನ್ನು ಬಸಿದು ಸಾರು ಮಾಡುತ್ತೇವೆ, ಉಳಿದದ್ದನ್ನು ಪಲ್ಯ. ಮುದ್ದೆಗೆ ಸಾರನ್ನು ಸುರಿದುಕೊಂಡು ನಾಲ್ಕು ಬಟ್ಟಲು ಕುಡಿದವರು "ಹುರುಳಿಕಾಳು ಚೆನ್ನಾಗಿ ತಿಂದೆ" ಎಂದುಕೊಳ್ಳುತ್ತಾರೆ. ಪ್ರೋಟೀನ್ ಹೆಚ್ಚುಪಾಲು ಉಳಿದಿರುವುದು ಪಲ್ಯದಲ್ಲಿ. ಪಲ್ಯವನ್ನು ಬದಿಯಲ್ಲಿ ಒಂದು ಚಮಚ ಹಾಕಿಸಿಕೊಳ್ಳುವ ಬದಲು ಬಟ್ಟಲು ತುಂಬ ಹಾಕಿಸಿಕೊಳ್ಳಿ. ತಿಳಿ ಬೇಳೆಸಾರಿನ ವಿಷಯವೂ ಇದೇ: ಮೇಲಿನ ತಿಳಿಯಲ್ಲಿ ಏನೂ ಇಲ್ಲ, ತಳದ ಬೇಳೆಯಲ್ಲಿದೆ. ರಾಗಿಯ ಹೆಸರು ಹೇಳಿ ಪ್ರೋಟೀನ್ ಮಾತಾಡುವವರಿಗೂ ತಿಳಿದಿರಲಿ, 100 ಗ್ರಾಂ ರಾಗಿಹಿಟ್ಟಿನಲ್ಲಿ ಇರುವುದು 7 ಗ್ರಾಂ. ರಾಗಿಯ ಹಿರಿಮೆ ಸುಣ್ಣದ ಅಂಶದಲ್ಲಿ.

ಕಾಳು ಎಷ್ಟು ಕೂಗಿಸಿದರೂ ಬೇಯುತ್ತಿಲ್ಲವೇ? ಬೋರ್‌ವೆಲ್ ನೀರನ್ನು ಅನುಮಾನಿಸಿ. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನು ಬಿಗಿಮಾಡುತ್ತದೆ. ನೆನೆಸಲು, ಬೇಯಿಸಲು ಕಾವೇರಿ ನೀರು ಅಥವಾ ಫಿಲ್ಟರ್ ನೀರು ಬಳಸಿ. ಹುಣಸೆ, ಟೊಮೆಟೊ ಬೆಂದ ಮೇಲೆ ಹಾಕಿ, ಹುಳಿಯೂ ಕಾಳನ್ನು ಗಟ್ಟಿ ಹಿಡಿಯುತ್ತದೆ. ಹಳೆಯ ದಾಸ್ತಾನಿನ ಕಾಳಾದರೆ ಯಾವ ಉಪಾಯವೂ ನಡೆಯುವುದಿಲ್ಲ.

ಮೊಳಕೆ ಬರಿಸಿದರೆ ಪ್ರೋಟೀನ್ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. 100 ಗ್ರಾಂ ಒಣ ಹೆಸರುಕಾಳು ಮೊಳೆತು 200 ಗ್ರಾಂ ದಾಟುತ್ತದೆ, ಒಳಗಿನ ಪ್ರೋಟೀನ್ ಅದೇ 24. ಹೆಚ್ಚಿದ್ದು ನೀರು. ಜೀರ್ಣಕ್ಕೆ ಹಗುರ ಎಂಬುದು ನಿಜ. 8 ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಬೇಸಿಗೆಯಲ್ಲಿ 12 ಗಂಟೆ ಸಾಕು, ಡಿಸೆಂಬರ್ ಚಳಿಯಲ್ಲಿ ಪೂರ್ತಿ ಒಂದು ದಿನ. ಲೋಳೆ ಬಂದು ವಾಸನೆ ಹೊಡೆದರೆ ನೀರು ಸರಿಯಾಗಿ ಬಸಿದಿಲ್ಲ, ತಿನ್ನದೆ ಎಸೆಯಿರಿ. ತಿನ್ನುವ ಮುಂಚೆ 5 ನಿಮಿಷ ಹಬೆಯಲ್ಲಿ ಬೇಯಿಸಿ, ಬೆಚ್ಚಗೆ ತೇವದಲ್ಲಿ ಬೆಳೆಯುವುದು ಮೊಳಕೆ ಮಾತ್ರವಲ್ಲ. ಗರಡಿಮನೆಯ ಪೈಲ್ವಾನರು ತಿನ್ನುತ್ತಿದ್ದ ನೆನೆಸಿದ ಕಡಲೆಕಾಳನ್ನೂ ಬೇಯಿಸಿ ತಿಂದರೆ ಲಾಭ ಹೆಚ್ಚು: ಪ್ರೋಟೀನ್ ಜೀರ್ಣಕ್ಕೆ ಅಡ್ಡಬರುವ ಅಂಶಗಳು ಬೆಂದಾಗ ಸಾಯುತ್ತವೆ.

ಪನೀರ್, ಮೊಸರು

ಪನೀರ್ ಕಟಿಂಗ್‌ಗೆ ಭಾರ, ಆದರೆ ಮನೆಯಲ್ಲೇ ಟೋನ್ಡ್ ಹಾಲಿನಿಂದ ಮಾಡಿದರೆ ಕೊಬ್ಬು ಇಳಿಯುತ್ತದೆ. ನಂದಿನಿಯ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು 3%. ಒಂದು ಲೀಟರ್ ಕುದಿಸಿ, ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ನಿಂಬೆರಸವನ್ನು ಚಮಚ ಚಮಚವಾಗಿ ಹಾಕಿ. ನೀರು ಹಸಿರುಹಳದಿಯಾಗಿ ಬೇರ್ಪಟ್ಟ ಕೂಡಲೇ ನಿಲ್ಲಿಸಿ. ಇನ್ನೂ ಹಾಕಿದರೆ ರಬ್ಬರಾಗುತ್ತದೆ. 130-150 ಗ್ರಾಂ ಪನೀರ್ ಸಿಗುತ್ತದೆ. ಹೊರಗೆ ಕೊಳ್ಳುವಾಗ ಪೊಟ್ಟಣದ ಮೇಲೆ "ಅನಲಾಗ್" ಎಂದಿದೆಯೇ ನೋಡಿ. ಅದು ಸಸ್ಯದ ಎಣ್ಣೆ ಬೆರೆಸಿ ಮಾಡಿದ್ದು.

ಮೊಸರಿನಲ್ಲಿ 100 ಗ್ರಾಂಗೆ 3-4 ಗ್ರಾಂ ಪ್ರೋಟೀನ್. ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೆ 4-5 ಗಂಟೆ ತೂಗುಹಾಕಿದರೆ ನೀರಿಳಿದು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಹೊರಗೆ ತೂಗುಹಾಕಿದರೆ ಹುಳಿ. ಇಳಿದ ನೀರಿನಲ್ಲೂ ಸ್ವಲ್ಪ ಪ್ರೋಟೀನ್ ಇರುವುದರಿಂದ ಚಪಾತಿ ಹಿಟ್ಟು ಕಲಸಿ.

ಕುರುಕಲು ಮತ್ತು ಪುಡಿ

ಪ್ರೋಟೀನ್ ಬಾರ್ ಕೈಗೆತ್ತಿಕೊಂಡರೆ ಒಂದು ಲೆಕ್ಕ ಮಾಡಿ: ಪ್ರೋಟೀನಿನ ಗ್ರಾಂ ಅನ್ನು ಹತ್ತರಿಂದ ಗುಣಿಸಿ. ಬಂದದ್ದು ಕ್ಯಾಲರಿಯ ಅಂಕಿಗೆ ಸಮ ಅಥವಾ ಹೆಚ್ಚಿದ್ದರೆ ಅದು ಪ್ರೋಟೀನ್ ತಿಂಡಿ. 10 ಗ್ರಾಂ ಪ್ರೋಟೀನ್, 240 ಕ್ಯಾಲರಿ ಎಂದಿದ್ದರೆ ಅದು ಸಿಹಿತಿಂಡಿ. ಸಕ್ಕರೆ ಇಲ್ಲ ಎಂದು ಬರೆದು ಮಾಲ್ಟಿಟಾಲ್ ಎಂಬ ಸಿಹಿಕಾರಕ ಹಾಕಿರುವವು ಕೆಲವರಿಗೆ ಹೊಟ್ಟೆ ಉಬ್ಬರ ತರುತ್ತವೆ.

ಅದಕ್ಕಿಂತ ನಮಗೆ ಇಷ್ಟವಾದದ್ದು ಹುರಿಗಡಲೆ ಹಿಟ್ಟಿನ ಮಜ್ಜಿಗೆ. 40 ಗ್ರಾಂ ಹುರಿಗಡಲೆಯನ್ನು ನುಣ್ಣಗೆ ಪುಡಿಮಾಡಿ, ಮೊದಲು ಸ್ವಲ್ಪ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಒಂದು ಲೋಟ ಗಟ್ಟಿ ಮಜ್ಜಿಗೆ, ಉಪ್ಪು, ಜೀರಿಗೆ, ಹಸಿಮೆಣಸು, ಕೊತ್ತಂಬರಿ. 10-12 ಗ್ರಾಂ ಪ್ರೋಟೀನ್, ಚಿಲ್ಲರೆ ಕಾಸಿನಲ್ಲಿ. ಪುಡಿಯನ್ನು ನೇರ ಮಜ್ಜಿಗೆಗೆ ಸುರಿದರೆ ಗಂಟು ಒಡೆಯುವುದೇ ಇಲ್ಲ.

ದರ್ಶಿನಿಯ ಎರಡು ಇಡ್ಲಿ, ಒಂದು ವಡೆ, ಸಾಂಬಾರಿನಲ್ಲಿ ಒಟ್ಟು ಹತ್ತು ಗ್ರಾಂ ಸಿಕ್ಕರೆ ಹೆಚ್ಚು. 2024ರ ಡಿಸೆಂಬರ್‌ನಲ್ಲಿ ನಂದಿನಿ ವೇ ಪ್ರೋಟೀನ್ ಬೆರೆಸಿದ ಇಡ್ಲಿ-ದೋಸೆ ಹಿಟ್ಟನ್ನು ಬೆಂಗಳೂರಿನಲ್ಲಿ ಮಾರುಕಟ್ಟೆಗೆ ತಂದಿತು. ಸಾದಾ ಹಿಟ್ಟಿಗಿಂತ ವಾಸಿ, ಆದರೂ ಅದೊಂದರಿಂದಲೇ 25 ತಲುಪುವುದಿಲ್ಲ. ಇಡ್ಲಿ ಬಿಡಬೇಡಿ, ಡಬ್ಬಿಯಲ್ಲಿ ಮೂರು ಬೆಂದ ಮೊಟ್ಟೆ ಒಯ್ಯಿರಿ.

ವೇ ಪುಡಿ ಅನಿವಾರ್ಯವಲ್ಲ, ಅನುಕೂಲ. ಅದರ ಎರಡು ಬಗೆಗಳಲ್ಲಿ ಕಾನ್ಸಂಟ್ರೇಟ್ ಅಗ್ಗ, ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರಿಗೆ ಲ್ಯಾಕ್ಟೋಸ್ ಕಡಿಮೆ ಇರುವ ಐಸೊಲೇಟ್ ಸರಿ. ಡಬ್ಬದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಒಡೆಯದ ಸೀಲು, ವಿದೇಶಿ ಮಾಲಾದರೆ ಆಮದುದಾರರ ಹೆಸರು ಇರಲೇಬೇಕು. 2024ರಲ್ಲಿ ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು ಪ್ರಕಟವಾಯಿತು. ನೂರಕ್ಕೆ ಎಪ್ಪತ್ತರಷ್ಟು ಪುಡಿಗಳಲ್ಲಿ ಲೇಬಲ್ಲಿನ ಪ್ರೋಟೀನ್ ಲೆಕ್ಕ ಸರಿ ಇರಲಿಲ್ಲ. ಬಿಸಿ ಹಾಲಿಗೆ ಪುಡಿ ಹಾಕಬೇಡಿ, ಮುದ್ದೆಗಟ್ಟುತ್ತದೆ.

ಪಿಜಿಯಲ್ಲಿ ಇದ್ದು, ಒಲೆ ಇಲ್ಲದೆ ಕೆಟಲ್ ಒಂದೇ ಇರುವವರಿಗೆ ನಮ್ಮ ಜೋಡಣೆ ಇದು. ಬೆಳಗ್ಗೆ ಪಿಜಿ ತಿಂಡಿಯ ಜೊತೆ ಅಂಗಡಿಯ ಬೇಯಿಸಿದ ಮೊಟ್ಟೆ ನಾಲ್ಕು, ಎರಡರ ಹಳದಿ ತೆಗೆದು. ಮಧ್ಯಾಹ್ನದ ಊಟಕ್ಕೆ ಕಾಲು ಲೀಟರ್ ಮೊಸರು. ಸಂಜೆ ಹುರಿಗಡಲೆ ಮಜ್ಜಿಗೆ. ಜಿಮ್ ಮುಗಿದ ಮೇಲೆ ಒಂದು ಸ್ಕೂಪ್ ವೇ. ರಾತ್ರಿ ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ 50 ಗ್ರಾಂ ಚಿಕ್ಕ ಗಾತ್ರದ ಸೋಯಾ ಹಾಕಿ, ಕೆಟಲ್‌ನ ಕುದಿನೀರು ಸುರಿದು 15 ನಿಮಿಷ ಮುಚ್ಚಿಡಿ, ಮೂರು ಸಲ ಹಿಂಡಿ ಪಿಜಿಯ ಸಾರಿಗೋ ಕುರ್ಮಾಕ್ಕೋ ಬೆರೆಸಿ. ಐದೂ ಸೇರಿ 90 ಗ್ರಾಂ ದಾಟುತ್ತದೆ. ಅನ್ನ, ಚಪಾತಿ, ಬೇಳೆಯಿಂದ ಬರುವುದು ಬೇರೆ. ಸೋಯಾವನ್ನು ಕೆಟಲ್‌ನೊಳಗೇ ಕುದಿಸಲು ಹೋಗಬೇಡಿ: ನೊರೆ ಉಕ್ಕಿ ತಳದ ಸ್ವಿಚ್ಚಿಗೆ ನೀರು ಇಳಿಯುತ್ತದೆ.